ಎತ್ತುವ ಮುನ್ನ

(ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ)

ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಡಂ ಕೇಳಿದಾಗ ನನಗೆ ಹೊಳೆದದ್ದು ಒಂದೇ ವಿಷಯ. ಆದರೆ ಅದು ನನ್ನೊಬ್ಬನದಲ್ಲ, ಅಬ್ಬಾ ಅವರದು. ಮನೆಗೆ ಹೋಗಿ, "ನಿಮ್ಮ ವಿಷಯ ಬರೆಯಲಾ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ ಬೇಟಾ. ಹೆಸರು ಮಾತ್ರ ಬೇಡ. ಆದರೆ ನೀವೆಲ್ಲ ಸೇರಿ ನನ್ನನ್ನು ಎತ್ತಿದ್ದನ್ನು ಬಿಡಬೇಡ. ಅದನ್ನೇ ಮೊದಲು ಬರಿ" ಎಂದರು. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

2024ರ ಮೇ ತಿಂಗಳು. ನನ್ನ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಿತ್ತು. ರಜೆಯಲ್ಲಿ ಮಧ್ಯಾಹ್ನ ಅಬ್ಬಾ ಅವರಿಗೆ ಬುತ್ತಿ ಕೊಂಡೊಯ್ಯುವುದು ನನ್ನ ಕೆಲಸ. ನಮ್ಮ ಮನೆ ಚೊಕ್ಕಸಂದ್ರದಲ್ಲಿ. ಅಬ್ಬಾ ಕೆಲಸ ಮಾಡುತ್ತಿದ್ದ ವರ್ಕ್‌ಶಾಪ್ ಪೀಣ್ಯ ಎರಡನೇ ಹಂತದಲ್ಲಿ. ಎರಡು ಲೇತ್, ಒಂದು ಮಿಲ್ಲಿಂಗ್ ಮೆಷಿನ್, ನಾಲ್ಕು ಜನ ಕೆಲಸಗಾರರು. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಸಣ್ಣ ಭಾಗಗಳನ್ನು ಜಾಬ್ ವರ್ಕ್ ಮೇಲೆ ಮಾಡಿಕೊಡುವ ಜಾಗ. ಪೀಣ್ಯದಲ್ಲಿ ಗಲ್ಲಿ ಗಲ್ಲಿಗೂ ಅಂಥ ಶೆಡ್‌ಗಳಿವೆ.

ಹಿಂದಿನ ರಾತ್ರಿ ಜೋರು ಮಳೆ ಬಂದು ಚಾವಣಿಯ ಒಂದು ಸಿಮೆಂಟ್ ಶೀಟ್ ಒಡೆದಿತ್ತು. ನೀರು ಲೇತ್ ಮೇಲೆ ತೊಟ್ಟಿಕ್ಕುತ್ತಿತ್ತು. ಹೊಸ ಶೀಟ್ ಹಾಕಲು ಅಬ್ಬಾ ಮೇಲೆ ಹತ್ತಿದ್ದರು. ಸಿಮೆಂಟ್ ಶೀಟ್ ನೋಡಲು ಗಟ್ಟಿ, ಆದರೆ ಮನುಷ್ಯನ ಭಾರ ತಡೆಯುವುದಿಲ್ಲ. ಬೋಲ್ಟ್ ಹಾಕಿರುವ ಸಾಲಿನಲ್ಲಿ, ಅಂದರೆ ಕೆಳಗೆ ಕಬ್ಬಿಣದ ಆಸರೆ ಇರುವಲ್ಲಿ ಮಾತ್ರ ಕಾಲಿಡಬೇಕು, ಇಲ್ಲವೇ ಹಲಗೆ ಹಾಕಿಕೊಂಡು ಅದರ ಮೇಲೆ ನಡೆಯಬೇಕು. ಅಬ್ಬಾ ಅವರಿಗೆ ಇದೆಲ್ಲ ಗೊತ್ತಿತ್ತು. ಜಾರುತ್ತಿದ್ದ ಶೀಟನ್ನು ಹಿಡಿಯಲು ಹೋಗಿ ಒಂದು ಹೆಜ್ಜೆ ಪಕ್ಕಕ್ಕಿಟ್ಟರು, ಅಷ್ಟೇ. ನಾನು ಕ್ಯಾರಿಯರ್ ಹಿಡಿದು ಗೇಟಿನ ಒಳಗೆ ಬರುವುದಕ್ಕೂ ಆ ಸದ್ದು ಕೇಳುವುದಕ್ಕೂ ಸರಿಹೋಯಿತು.

ಹದಿನಾಲ್ಕು ಅಡಿ ಎತ್ತರದಿಂದ ಕುಂಡೆಯ ಮೇಲೆ ಬಿದ್ದಿದ್ದರು. ರಕ್ತ ಇರಲಿಲ್ಲ. ಪ್ರಜ್ಞೆ ಇತ್ತು. ಅವರು ಕೇಳಿದ ಮೊದಲ ಮಾತು ನನಗೆ ಈಗಲೂ ನಿದ್ದೆಯಲ್ಲಿ ಕೇಳಿಸುತ್ತದೆ: "ನನ್ನ ಕಾಲು ಮಡಚಿದೆಯಾ, ನೇರ ಇದೆಯಾ?" ಕಾಲು ನೇರವಾಗಿಯೇ ಇದ್ದವು. ಅವರಿಗೆ ಅದು ಗೊತ್ತಾಗುತ್ತಿರಲಿಲ್ಲ.

ಆ ಮಾತಿನಲ್ಲೇ ಎಲ್ಲವೂ ಇತ್ತು. ಬಿದ್ದವನಿಗೆ ಕಾಲಿನ ಅರಿವೇ ಇಲ್ಲ ಎಂದರೆ ಬೆನ್ನುಮೂಳೆಗೆ ಪೆಟ್ಟಾಗಿದೆ, ಅಲುಗಿಸಬಾರದು ಎಂದು ಅರ್ಥ. ಅಲ್ಲಿದ್ದ ಯಾರಿಗೂ ಅದು ತಿಳಿಯಲಿಲ್ಲ. "ಬೇಗ ಎತ್ತಿ, ಬೇಗ ಎತ್ತಿ" ಎಂದು ಕೂಗಿದರು. ಇಬ್ಬರು ಕಂಕುಳಿಗೆ ಕೈ ಹಾಕಿದರು, ಒಬ್ಬರು ಬಲಗಾಲು ಹಿಡಿದರು. ಎಡಗಾಲು ಹಿಡಿದದ್ದು ನಾನು. ಎತ್ತಿದಾಗ ಅವರ ಸೊಂಟ ಜೋಳಿಗೆಯ ಹಾಗೆ ಕೆಳಗೆ ಜಗ್ಗಿತು. ಅಬ್ಬಾ ಕಿರುಚಿದರು. ನಾವು ಇನ್ನೂ ಬೇಗ ಬೇಗ ನಡೆದೆವು. ಲಗೇಜ್ ಆಟೊದಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋದೆವು. ಮೊದಲು ಹೋದ ಆಸ್ಪತ್ರೆಯಲ್ಲಿ ಇಲ್ಲಿ ಆಗುವುದಿಲ್ಲ ಎಂದರು. ಎರಡನೆಯದಕ್ಕೆ ಹೋಗುವಾಗ ದಾರಿಯಲ್ಲಿ ಎಷ್ಟು ಹಂಪ್‌ಗಳಿದ್ದವು ಎಂದು ನಾನು ಎಣಿಸಲಿಲ್ಲ. ಆಮೇಲೆ ಅದೇ ರಸ್ತೆಯಲ್ಲಿ ಹೋದಾಗಲೆಲ್ಲ ಎಣಿಸಿದ್ದೇನೆ.

ಸ್ಕ್ಯಾನ್ ಆದ ಮೇಲೆ ಡಾಕ್ಟರ್ ಕಾಗದದ ಮೇಲೆ ಪೆನ್ನಿನಿಂದ ಚಿತ್ರ ಬರೆದು ತೋರಿಸಿದರು. ಸೊಂಟದ ಭಾಗದ ಮೊದಲನೇ ಮೂಳೆ, ಎಲ್-1, ಮೇಲಿನಿಂದ ಬಿದ್ದ ಭಾರಕ್ಕೆ ಒಡೆದು ಚೂರಾಗಿತ್ತು. ಒಂದು ಚೂರು ಹಿಂದಕ್ಕೆ ಸರಿದು ನರಗಳು ಹೋಗುವ ಕಾಲುವೆಗೆ ನುಗ್ಗಿತ್ತು. ಮಿದುಳುಬಳ್ಳಿ ಬೆನ್ನಿನ ಕೆಳತುದಿಯವರೆಗೂ ಇರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ಎಲ್-1, ಎಲ್-2 ಮೂಳೆಗಳ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ನರಗಳ ಗೊಂಚಲು. ಕುದುರೆಯ ಬಾಲದ ಹಾಗೆ ಇಳಿಬಿದ್ದಿರುವುದರಿಂದ ವೈದ್ಯರು ಅದನ್ನು ಕುದುರೆ ಬಾಲ ಎಂದೇ ಕರೆಯುತ್ತಾರೆ. ಕಾಲಿಗೆ, ಮೂತ್ರಕೋಶಕ್ಕೆ, ಮಲದ್ವಾರಕ್ಕೆ ಹೋಗುವ ಸುದ್ದಿಯೆಲ್ಲ ಆ ಎಳೆಗಳಲ್ಲೇ ಹೋಗಬೇಕು. ಅಬ್ಬಾ ಅವರಿಗೆ ಪೆಟ್ಟು ಬಿದ್ದದ್ದು ಬಳ್ಳಿ ಮುಗಿದು ಬಾಲ ಶುರುವಾಗುವ ಜಾಗಕ್ಕೇ.

ಅವರು ಸೂಜಿಯ ಮೊನೆಯಿಂದ ಕಾಲಿನ ಒಂದೊಂದು ಜಾಗ ಮುಟ್ಟಿ ನೋಡಿದರು. ಮಲದ್ವಾರದ ಸುತ್ತ ಸ್ಪರ್ಶ ಗೊತ್ತಾಗುತ್ತದೆಯೇ ಎಂದೂ ನೋಡಿದರು. ಸ್ವಲ್ಪ ಗೊತ್ತಾಗುತ್ತಿತ್ತು. ಡಾಕ್ಟರ್ ಮುಖ ಸಡಿಲವಾದದ್ದು ಆಗಲೇ. "ಎಲ್ಲಾ ಎಳೆಯೂ ಹೋಗಿಲ್ಲ" ಎಂದರು. ಪೂರ್ತಿ ಹಾನಿ, ಅರೆ ಹಾನಿ ಎಂದು ಎರಡು ಬಗೆ. ಕಟ್ಟಕಡೆಯ ನರದವರೆಗೂ ಏನಾದರೂ ಸುದ್ದಿ ಹೋಗುತ್ತಿದ್ದರೆ ಅದು ಅರೆ ಹಾನಿ, ಅಲ್ಲಿ ಆಸೆ ಹೆಚ್ಚು.

ಮಾರನೇ ದಿನ ಆಪರೇಷನ್ ಆಯಿತು. ಒಡೆದ ಮೂಳೆಯ ಮೇಲೂ ಕೆಳಗೂ ಸ್ಕ್ರೂ ಹಾಕಿ, ಎರಡು ಸರಳು ಕೂರಿಸಿ, ಚೂರು ತೆಗೆದರು. ಜೀವನವಿಡೀ ಸ್ಕ್ರೂ ಬಿಗಿದ ಅಬ್ಬಾ, "ಯಾವ ಸೈಜ್ ಸರ್?" ಎಂದು ಕೇಳಿ ಡಾಕ್ಟರನ್ನು ನಗಿಸಿದರು. ಹೋಗುವಾಗ ಡಾಕ್ಟರ್ ಒಂದು ಮಾತು ಹೇಳಿದರು: "ಈ ಆಪರೇಷನ್ ಮೂಳೆಗೆ. ನರಕ್ಕೆ ಆಪರೇಷನ್ ಇಲ್ಲ. ಅದಕ್ಕೆ ಬೇಕಾದ್ದು ಸಮಯ, ಮತ್ತೆ ನೀವು."

"ನೀವು" ಎಂದರೇನೆಂದು ಮನೆಗೆ ಬಂದ ಮೇಲೆ ತಿಳಿಯಿತು. ನೋಡಲು ಬಂದವರೆಲ್ಲ ಹಣ್ಣು ತಂದು, ಮಂಚದ ಪಕ್ಕ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾವಾಗ ನಡೀತೀರಿ ಭಾಯ್?" ಅಬ್ಬಾ ಗೋಡೆ ಕಡೆ ನೋಡುತ್ತಿದ್ದರು. ಯಾರೂ ಕೇಳದಿದ್ದ ಪ್ರಶ್ನೆ, ಅವರನ್ನು ಎಷ್ಟು ಹೊತ್ತಿಗೊಮ್ಮೆ ಹೊರಳಿಸುತ್ತೀರಿ ಎಂಬುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹಗಲು ಮಾಡಿದೆವು. ರಾತ್ರಿ ಅಮ್ಮಿಗೂ ನನಗೂ ನಿದ್ದೆ ಬಂದುಬಿಡುತ್ತಿತ್ತು. ಅವರು ನೋವು ಎನ್ನುತ್ತಿರಲಿಲ್ಲವಲ್ಲ! ನೋವು ಎನ್ನಲಾರದ್ದೇ ಆ ಕಾಯಿಲೆ ಎಂದು ನಮಗೆ ಹೊಳೆಯಲಿಲ್ಲ. ಮೂರು ವಾರದಲ್ಲಿ ಸೊಂಟದ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಕಂಡಿತು. ಒತ್ತಿದರೂ ಬಣ್ಣ ಬಿಡಲಿಲ್ಲ. ಇನ್ನೊಂದು ವಾರದಲ್ಲಿ ಅದು ಹುಣ್ಣಾಯಿತು. ವಾಸಿಯಾಗಲು ನಾಲ್ಕು ತಿಂಗಳು ಹಿಡಿಯಿತು.

ಎರಡನೇ ಮಹಾಯುದ್ಧದವರೆಗೂ ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲಿ ಹೆಚ್ಚಿನವರು ಸಾಯುತ್ತಿದ್ದದ್ದು ಇಂಥ ಹುಣ್ಣಿನ ನಂಜಿನಿಂದ, ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಇಂಥವರಿಗಾಗಿ ವಿಭಾಗ ತೆರೆದ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ರೋಗಿಯನ್ನು ಹೊರಳಿಸಲೇಬೇಕು ಎಂದು ಹಟ ಹಿಡಿದರು. ಜನ ಬದುಕತೊಡಗಿದರು. 1948ರಲ್ಲಿ ಅವರು ಅದೇ ಅಂಗಳದಲ್ಲಿ ಗಾಲಿಕುರ್ಚಿಯವರಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಅದೇ ಬೆಳೆದು ಇಂದಿನ ಪ್ಯಾರಾಲಿಂಪಿಕ್ಸ್ ಆಗಿದೆ. ಟಿವಿಯಲ್ಲಿ ಪದಕ ನೋಡುವಾಗ ನನಗೆ ನೆನಪಾಗುವುದು ಮಾತ್ರ ನಮ್ಮ ಮನೆಯ ರಾತ್ರಿ ಎರಡು ಗಂಟೆಯ ಅಲಾರಾಂ.

ಆ ದಿನಗಳಲ್ಲಿ ಅಬ್ಬಾ ಅವರನ್ನು ಎಲ್ಲದಕ್ಕೂ ಎತ್ತುತ್ತಿದ್ದದ್ದು ನಾನು ಮತ್ತು ಮಾಮು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ. ನನಗೆ ಒಳಗೊಳಗೇ ಹೆಮ್ಮೆ. ಅಂದು ಎತ್ತಿದ ತಪ್ಪನ್ನು ದಿನಾ ಎತ್ತಿ ತೀರಿಸುತ್ತಿದ್ದೇನೆ ಎಂಬಂತೆ. ಈ ಕಾಲೇಜಿಗೆ ಸೇರಿದ್ದರೂ ಬಿಟ್ಟುಬಿಡೋಣ, ಎಲ್ಲಾದರೂ ಹೆಲ್ಪರ್ ಆಗಿ ಸೇರೋಣ ಎಂದುಕೊಂಡಿದ್ದೆ. ಅಬ್ಬಾ ಅವರಿಗೆ ಹೇಳಿರಲಿಲ್ಲ.

ನಮ್ಮ ಬೆಂಗಳೂರಿನಲ್ಲಿ ಇಂಥವರಿಗಾಗಿ ದುಡಿಯುವ ಸಂಸ್ಥೆಗಳಿವೆ. ಲಿಂಗರಾಜಪುರದಲ್ಲಿರುವ ದಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿಯನ್ನು 1959ರಲ್ಲಿ ಶುರು ಮಾಡಿದ ಎನ್.ಎಸ್. ಹೇಮಾ ಅವರು ಸ್ವತಃ ಪೋಲಿಯೊದಿಂದ ಬಳಲಿದವರು. ನಾವು ಹೋದದ್ದು ಬೇರೊಂದು ಪುನಶ್ಚೇತನ ಕೇಂದ್ರಕ್ಕೆ. ಅಲ್ಲಿ ತರಬೇತಿ ಕೊಡುವ ಅಣ್ಣನೊಬ್ಬರು ತಾವೇ ಗಾಲಿಕುರ್ಚಿಯಲ್ಲಿದ್ದರು. ನಾನು ಅಭ್ಯಾಸಬಲದಿಂದ ಅಬ್ಬಾ ಅವರ ಕಂಕುಳಿಗೆ ಕೈ ಹಾಕಿದೆ. ಅವರು, "ತಮ್ಮಾ, ಕೈ ತೆಗಿ. ಕೈ ಕಟ್ಟಿಕೊಂಡು ಆ ಗೋಡೆ ಹತ್ತಿರ ನಿಲ್ಲು" ಎಂದರು. ನನಗೆ ಸಿಟ್ಟು ಬಂತು.

ಅವರು ಮಂಚಕ್ಕೂ ಕುರ್ಚಿಗೂ ನಡುವೆ ಒಂದು ನುಣುಪಾದ ಹಲಗೆ ಇಟ್ಟರು. "ಭಾಯ್, ನಿಮ್ಮ ಕಾಲಿಗೆ ರಜೆ. ಕೈಗೆ ರಜೆ ಕೊಟ್ಟವರು ಯಾರು?" ಎಂದರು. ಅಂಗೈ ಊರಿ, ತಲೆ ಮುಂದಕ್ಕೆ ಬಾಗಿಸಿ, ಕುಂಡೆಯನ್ನು ಸ್ವಲ್ಪ ಸ್ವಲ್ಪವೇ ಹಲಗೆಯ ಮೇಲೆ ಸರಿಸಬೇಕು. ಮೊದಲ ದಿನ ಎರಡು ಅಡಿ ದಾಟಲು ಅಬ್ಬಾ ಅವರಿಗೆ ಹನ್ನೊಂದು ನಿಮಿಷ ಬೇಕಾಯಿತು. ಬೆವರಿದರು, ಬೈದರು, ಒಮ್ಮೆ ಪಕ್ಕಕ್ಕೆ ವಾಲಿದರು. ನಾನು ಮುಂದೆ ಹೋದೆ. ಆ ಅಣ್ಣ ಕೈ ಅಡ್ಡ ಹಿಡಿದರು. ಹನ್ನೊಂದು ನಿಮಿಷ ಗೋಡೆಗೆ ಒರಗಿ ಏನೂ ಮಾಡದೆ ನಿಂತದ್ದು ನನ್ನ ಜೀವನದ ಅತಿ ಕಷ್ಟದ ಕೆಲಸ. ಕುರ್ಚಿಯಲ್ಲಿ ಕೂತ ಮೇಲೆ ಅಬ್ಬಾ ನನ್ನ ಕಡೆ ನೋಡಿ, "ನಾಳೆಯಿಂದ ಕಾಲೇಜಿಗೆ ಹೋಗು" ಎಂದರು. ಅವರಿಗೆ ಮೊದಲೇ ಗೊತ್ತಿತ್ತು.

ಚೇತರಿಕೆ ಎಂದರೆ ಸಿನಿಮಾದಲ್ಲಿ ಒಂದು ದಿನ ಎದ್ದು ನಡೆಯುವುದು. ನಿಜದಲ್ಲಿ ಅದು ಬಹಳ ನಿಧಾನ. ಮೊದಲ ಆರು ತಿಂಗಳಲ್ಲಿ ಹೆಚ್ಚು ಮರಳುತ್ತದೆ, ಒಂದು ವರ್ಷದ ಮೇಲೆ ವೇಗ ತಗ್ಗುತ್ತದೆ. ಮೊದಲು ತೊಡೆ ಎತ್ತುವ ಶಕ್ತಿ ಬಂತು, ಆಮೇಲೆ ಮಂಡಿ ಚಾಚುವ ಶಕ್ತಿ. ಪಾದ ಮಾತ್ರ ಇನ್ನೂ ಜೋತು ಬೀಳುತ್ತದೆ. ಅದಕ್ಕೆ ಪ್ಲಾಸ್ಟಿಕ್ ಪಟ್ಟಿಯ ಆಸರೆ ಕಟ್ಟಿಕೊಂಡು, ವಾಕರ್ ಹಿಡಿದು ಮನೆಯೊಳಗೆ ಇಪ್ಪತ್ತು ಮೂವತ್ತು ಹೆಜ್ಜೆ ಹಾಕುತ್ತಾರೆ. ಹೊರಗೆ ಹೋಗಲು ಗಾಲಿಕುರ್ಚಿಯೇ. ರಾತ್ರಿ ಕಾಲಿನಲ್ಲಿ ಬೆಂಕಿ ಹಚ್ಚಿದ ಹಾಗೆ ಉರಿ ಬರುತ್ತದೆ, ಮುಟ್ಟಿದರೆ ಕಾಲು ತಣ್ಣಗಿರುತ್ತದೆ. ಪೆಟ್ಟಾದ ನರದ ಉರಿ ಅದು.

ಯಾರೂ ಮಾತಾಡದ ಇನ್ನೊಂದು ವಿಷಯ ಮೂತ್ರದ್ದು. ತುಂಬಿದ್ದು ಗೊತ್ತಾಗುವುದಿಲ್ಲ, ತಾನಾಗಿ ಪೂರ್ತಿ ಖಾಲಿಯೂ ಆಗುವುದಿಲ್ಲ. ನಾಲ್ಕು ಗಂಟೆಗೊಮ್ಮೆ ಕೈ ಚೆನ್ನಾಗಿ ತೊಳೆದು ತೆಳ್ಳನೆಯ ಕ್ಯಾಥೆಟರ್ ಹಾಕಿ ತಾವೇ ಖಾಲಿ ಮಾಡಿಕೊಳ್ಳುತ್ತಾರೆ. ಬಿಟ್ಟರೆ ಕಿಡ್ನಿಗೆ ತೊಂದರೆ. ಅಬ್ಬಾ ಅವರನ್ನು ನಡೆಯಲಾಗದ್ದಕ್ಕಿಂತ ಹೆಚ್ಚು ಕಾಡಿದ್ದು ಇದೇ. ಹೀಗಿರುವಾಗ ನಮಾಜ್ ಹೇಗೆ ಎಂದು ತಿಂಗಳುಗಟ್ಟಲೆ ಕೊರಗಿದರು. ಕೊನೆಗೆ ನಮ್ಮ ಮಸೀದಿಯ ಇಮಾಮರು ಮನೆಗೇ ಬಂದು, ತಡೆಯಲಾಗದ ತೊಂದರೆ ಇರುವವರು ಪ್ರತಿ ನಮಾಜಿನ ಹೊತ್ತಿಗೆ ಒಮ್ಮೆ ವುಜೂ ಮಾಡಿಕೊಂಡರೆ ಸಾಕು, ಕೂತೇ ಓದಬಹುದು ಎಂದು ವಿವರಿಸಿದರು. ಅಂದು ರಾತ್ರಿ ಅಬ್ಬಾ ಹೊಟ್ಟೆ ತುಂಬ ಊಟ ಮಾಡಿದರು.

ಒಂದು ವರ್ಷದ ಪರೀಕ್ಷೆಗೆ ಹೋದಾಗ, ಅಬ್ಬಾ ಎಕ್ಸ್‌ರೇ ಕೋಣೆಯಲ್ಲಿದ್ದರು, ನಾನು ಡಾಕ್ಟರನ್ನು ಕೇಳಿಯೇಬಿಟ್ಟೆ: "ಸರ್, ಅವತ್ತು ನಾವು ಕೈಕಾಲು ಹಿಡಿದು ಎತ್ತಿದೆವು. ನಾನೂ ಒಂದು ಕಾಲು ಹಿಡಿದಿದ್ದೆ. ಅದರಿಂದ ಹೀಗಾಯಿತಾ?" ಅವರು ಪೆನ್ನು ಕೆಳಗಿಟ್ಟರು. "ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ. ಇಂಥ ಪೆಟ್ಟಿನಲ್ಲಿ ಹೆಚ್ಚಿನ ಹಾನಿ ಬಿದ್ದ ಕ್ಷಣದಲ್ಲೇ ಆಗಿರುತ್ತದೆ. ತಪ್ಪಾಗಿ ಎತ್ತಿದರೆ ಉಳಿದದ್ದೂ ಹೋಗಬಹುದು. ನಿಮ್ಮ ತಂದೆಗೆ ಸ್ವಲ್ಪ ಉಳಿದಿತ್ತು. ಇನ್ನು ಮುಂದೆ ಯಾರನ್ನು ಎತ್ತುವಾಗಲೂ ನಿನಗೆ ತಿಳಿದಿರುತ್ತದೆ." ಇಲ್ಲ ಎಂದು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ.

ಆದ್ದರಿಂದ ನೀವೂ ತಿಳಿದುಕೊಳ್ಳಿ. ಎತ್ತರದಿಂದ ಬಿದ್ದವರನ್ನು, ಬೈಕ್ ಅಪಘಾತದಲ್ಲಿ ಬಿದ್ದವರನ್ನು ಕೂರಿಸಬೇಡಿ, ನಿಲ್ಲಿಸಬೇಡಿ, ಕೈಕಾಲು ಹಿಡಿದು ಎತ್ತಬೇಡಿ. ಬೆಂಕಿ, ವಿದ್ಯುತ್, ವಾಹನಗಳ ಅಪಾಯ ಇಲ್ಲದಿದ್ದರೆ ಬಿದ್ದಲ್ಲೇ ಮಲಗಿರಲಿ. ಒಬ್ಬರು ತಲೆ ಅಲುಗದಂತೆ ಎರಡು ಕೈಯಲ್ಲಿ ಹಿಡಿದುಕೊಳ್ಳಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. ಸಾಗಿಸಲೇಬೇಕಾದರೆ ತಲೆ, ಬೆನ್ನು, ಸೊಂಟ, ಕಾಲು ಒಂದೇ ಗೆರೆಯಲ್ಲಿರುವಂತೆ, ಮರದ ದಿಮ್ಮಿ ಉರುಳಿಸುವ ಹಾಗೆ ಎಲ್ಲರೂ ಒಟ್ಟಿಗೆ ಹೊರಳಿಸಿ, ಕೆಳಗೆ ಗಟ್ಟಿ ಹಲಗೆ ಸೇರಿಸಿ. ಪೀಣ್ಯದ ಯಾವ ಶೆಡ್‌ನಲ್ಲಾದರೂ ಹಲಗೆಗೆ ಬರವೇ? ಅಂದು ನಮ್ಮ ಪಕ್ಕದಲ್ಲೇ ಗೋಡೆಗೆ ಒಂದು ಒರಗಿಸಿಟ್ಟಿತ್ತು.

ಹಣದ ವಿಷಯ ಹೇಳದಿದ್ದರೆ ಇದು ಅರ್ಧ ಕಥೆಯಾಗುತ್ತದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಇಎಸ್‌ಐ ಇರಬೇಕು. ನಾಲ್ಕು ಜನರ ನಮ್ಮ ಶೆಡ್‌ನಲ್ಲಿ ಇರಲಿಲ್ಲ. ಮಾಲೀಕರು ಮೊದಲ ಬಿಲ್ ಕಟ್ಟಿದರು, ಆಮೇಲೆ ಫೋನ್ ಎತ್ತುವುದು ಕಡಿಮೆ ಮಾಡಿದರು. ಅಮ್ಮಿಯ ಬಳೆ ಹೋದವು. ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆ ಸಣ್ಣ ಶೆಡ್‌ಗಳಿಗೂ ಅನ್ವಯಿಸುತ್ತದೆ, ಕೆಲಸ ಮಾಡುವಾಗ ಪೆಟ್ಟಾದರೆ ಮಾಲೀಕರ ತಪ್ಪು ಸಾಬೀತು ಮಾಡಬೇಕಾಗಿಲ್ಲ ಎಂದು ತಿಳಿದದ್ದು ತಡವಾಗಿ. ಅರ್ಜಿ ಹಾಕಿದ್ದೇವೆ, ಇನ್ನೂ ನಡೆಯುತ್ತಿದೆ.

ಕೇಂದ್ರದ ಆ ಅಣ್ಣ ಅಬ್ಬಾ ಅವರಿಗೆ ಒಬ್ಬರ ಕಥೆ ಹೇಳಿದ್ದರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಯುವ ವೈದ್ಯೆ ಮೇರಿ ವರ್ಗೀಸ್. 1954ರಲ್ಲಿ ವಾಹನ ಅಪಘಾತವಾಗಿ ಅವರ ಕಾಲುಗಳ ಶಕ್ತಿ ಪೂರ್ತಿ ಹೋಯಿತು. ಮತ್ತೆ ಬರಲೇ ಇಲ್ಲ. ಅವರು ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ವಿದೇಶದಲ್ಲಿ ಪುನಶ್ಚೇತನ ವೈದ್ಯಶಾಸ್ತ್ರ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಅದಕ್ಕಾಗಿಯೇ ಒಂದು ಕೇಂದ್ರ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಥೆ ಕೇಳಿ ಅಬ್ಬಾ ಹೇಳಿದ್ದು ಇಷ್ಟೇ: "ಆಪರೇಷನ್ ಕೂತು ಮಾಡಬಹುದಾದರೆ ಅಳತೆ ಕೂತು ನೋಡಲು ಆಗುವುದಿಲ್ಲವೇ?"

ಹಳೆಯ ಜೊತೆಗಾರರೊಬ್ಬರು ಬೇರೊಂದು ವರ್ಕ್‌ಶಾಪ್‌ನಲ್ಲಿ ಮಾತಾಡಿದರು. ಈಗ ಅಬ್ಬಾ ಅಲ್ಲಿ ತಯಾರಾದ ಭಾಗಗಳ ಅಳತೆ ನೋಡುತ್ತಾರೆ. ಮೇಜು, ವರ್ನಿಯರ್, ಮೈಕ್ರೋಮೀಟರ್. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಊರಿ ಕುಂಡೆ ಎತ್ತಿ ಕೂರುತ್ತಾರೆ, ಹುಣ್ಣು ಮತ್ತೆ ಬರಬಾರದೆಂದು. ಸಂಬಳ ಮೊದಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಬ್ಬಾ ಕೈಯಾರೆ ಕೊಟ್ಟ ಮೊದಲ ಸಂಬಳವನ್ನು ಅಮ್ಮಿ ಎರಡು ದಿನ ಖರ್ಚು ಮಾಡಲಿಲ್ಲ.

ಕಳೆದ ರಂಜಾನ್‌ನಲ್ಲಿ ತರಾವೀಹ್‌ಗೆ ಹೋಗಬೇಕೆಂದರು. ಮಸೀದಿಯ ಮೆಟ್ಟಿಲ ಬಳಿ ನಾಲ್ಕು ಜನ ಓಡಿ ಬಂದರು: "ಬನ್ನಿ ಭಾಯ್, ಎತ್ತುತ್ತೇವೆ." ಪ್ರೀತಿಯಿಂದಲೇ ಬಂದವರು. ಅಬ್ಬಾ ಕೈಮುಗಿದು, "ಬೇಡ, ಇವತ್ತು ಹೊರಗೇ ಓದುತ್ತೇನೆ" ಎಂದರು. ಮಾರನೇ ದಿನ ಪಕ್ಕದ ಬಾಗಿಲಿನ ಮೆಟ್ಟಿಲು ಅಳೆದು ಬರಲು ನನ್ನನ್ನು ಕಳಿಸಿದರು. ಆರು ಇಂಚು. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಇದ್ದರೆ ಕುರ್ಚಿಯವರು ತಾವೇ ತಳ್ಳಿಕೊಂಡು ಹತ್ತಬಹುದು. ಹಾಗಾದರೆ ಆರು ಅಡಿ. ಅಬ್ಬಾ ಡ್ರಾಯಿಂಗ್ ಬರೆದರು, ಜೊತೆಗಾರರು ಚೆಕರ್ ಪ್ಲೇಟ್ ಕತ್ತರಿಸಿ ವೆಲ್ಡ್ ಮಾಡಿಕೊಟ್ಟರು. ಈಗ ಅದರ ಮೇಲೆ ಅಬ್ಬಾ ಒಬ್ಬರೇ ಅಲ್ಲ, ಮಂಡಿನೋವಿನ ಮೂವರು ಹಿರಿಯರೂ ಹತ್ತುತ್ತಾರೆ. ಅವರಿಗೆ ಕಷ್ಟವಿತ್ತೆಂದು ಅದುವರೆಗೆ ಯಾರೂ ಕೇಳಿರಲಿಲ್ಲ.

ಕೊನೆಯದಾಗಿ ನಮ್ಮ ಕಾಲೇಜಿನ ಮಾತು. ಕಳೆದ ಪೋಷಕರ ಸಭೆಗೆ ನಮ್ಮ ಮನೆಯಿಂದ ಯಾರೂ ಬರಲಿಲ್ಲವೆಂದು ತರಗತಿಯ ಸರ್ ಕೇಳಿದರು. ಅಮ್ಮಿಗೆ ಹುಷಾರಿರಲಿಲ್ಲ, ಅಬ್ಬಾ ಅವರಿಗೆ ಮೆಟ್ಟಿಲು ಎಂದೆ. ಗೆಳೆಯರು ತಕ್ಷಣ, "ಏ, ನಾವಿಲ್ಲವೇನೋ? ಅಂಕಲ್‌ನ ನಾವು ಎತ್ತಿಕೊಂಡು ಬರ್ತೀವಿ" ಎಂದರು. ಅವರು ಅಂದದ್ದನ್ನು ನಿಜವಾಗಿಯೂ ಮಾಡುವವರು, ನನಗೆ ಗೊತ್ತು. ಆದರೆ ಗೆಳೆಯರೇ, ಎತ್ತಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶಾಲಾ ಕಾಲೇಜುಗಳ ಕಟ್ಟಡ ಎಲ್ಲರಿಗೂ ಪ್ರವೇಶಿಸುವಂತಿರಬೇಕು ಎನ್ನುತ್ತದೆ. ನಾಳೆ ನಮ್ಮ ತರಗತಿಗೇ ಅಂಥ ವಿದ್ಯಾರ್ಥಿಯೊಬ್ಬ ಬರಬಹುದು.

ನಮ್ಮ ಮುಖ್ಯ ಬಾಗಿಲಿಗೆ ಮೂರು ಮೆಟ್ಟಿಲು. ಕಳೆದ ವಾರ ಬಿಡುವಿನಲ್ಲಿ ಟೇಪ್ ಹಿಡಿದು ಅಳೆದಿದ್ದೇನೆ. ಒಟ್ಟು ಹದಿನೆಂಟು ಇಂಚು, ಅಂದರೆ ಹದಿನೆಂಟು ಅಡಿಯ ಇಳಿಜಾರು. ಸೈಕಲ್ ನಿಲ್ಲಿಸುವ ಕಡೆಗೆ ತಿರುಗಿಸಿದರೆ ಜಾಗ ಸಾಲುತ್ತದೆ. ಅಬ್ಬಾ ನನ್ನ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಡ್ರಾಯಿಂಗ್ ಬರೆದು ಕೊಟ್ಟಿದ್ದಾರೆ. ಪ್ರಾಂಶುಪಾಲರು ಕೇಳಿದರೆ ತೋರಿಸಲು ಅದನ್ನು ದಿನಾ ಬ್ಯಾಗಿನಲ್ಲಿ ಇಟ್ಟುಕೊಂಡೇ ಬರುತ್ತಿದ್ದೇನೆ.